ಐಸಿಎಫ್ ನೀಲಿ ಸ್ಲೀಪರ್ ಡಬ್ಬಿ, ಎಚ್‌ಒ ಸ್ಕೇಲ್ ಮಾಡೆಲ್: ತಗೋಬಹುದೇನು?

ಮೊದಲ ಸೀದಾ ಹೇಳಿಬಿಡ್ತೀನಿ, ತಗೋರಿ. ರೊಕ್ಕ ಜಾಸ್ತಿ ಅನಸ್ತದ, ಎರಡು ಮೂರು ಕಡೆ ತಪ್ಪು ಅವ, ಅವೆಲ್ಲ ಮುಂದ ಬರೀತೀನಿ, ಆದ್ರ ನಮ್ಮ ದೇಶದ ಪ್ಯಾಸೆಂಜರ್ ಡಬ್ಬಿ ಅಳತಿಗೆ ಸರಿಯಾಗಿ, ಕೆಳಗಿನ ಸಾಮಾನು ಸಮೇತ ಮಾಡಿದ್ದು ನನ್ನ ಕೈಗೆ ಸಿಕ್ಕಿದ್ದು ಇದೇ ಮೊದಲು.

ಯಾವ ಡಬ್ಬಿ ಅಂದ್ರ ಐಸಿಎಫ್ (ಚೆನ್ನೈ ಡಬ್ಬಿ ಫ್ಯಾಕ್ಟರಿದು) ನಾನ್ ಎಸಿ ತ್ರೀ ಟಯರ್ ಸ್ಲೀಪರ್, ಗಾಢ ನೀಲಿ ಬಣ್ಣ, ಕಿಟಕಿ ಸಾಲಿನ ಸುತ್ತ ತಿಳಿ ನೀಲಿ ಪಟ್ಟಿ, ನಮ್ಮ ಕಲಬುರಗಿ ಸ್ಟೇಷನ್ನಾಗ ನಿಂತೋರೆಲ್ಲ ನೂರಾರು ಸಲ ನೋಡಿದ್ದು. ಸ್ಕೇಲ್ 1:87, ಅಂದ್ರ ಖರೇ ಡಬ್ಬಿಯ 87ರಾಗ ಒಂದು ಪಾಲು, ಇದಕ್ಕ ಎಚ್‌ಒ ಅಂತಾರ. ಬಾಡಿ ಎಬಿಎಸ್ ಪ್ಲಾಸ್ಟಿಕ್, ಕಿಟಕಿ ಸರಳು ಮತ್ತ ಬಾಗಿಲದ ಹಿಡಿಕಿ ಎಚ್ಚಿಂಗ್ ಮಾಡಿದ ಹಿತ್ತಾಳಿ, ಕೆಳಗಿನ ಪೆಟ್ಟಿಗಿ ಸಿಲಿಂಡರ್ ಎಲ್ಲ ರೆಸಿನ್ ಪ್ರಿಂಟ್. ಕೊರಿಯರ್ ಸೇರಿ ಎಂಟು ಸಾವಿರದ ಆಸುಪಾಸು ಬಿತ್ತು. ಕಲಬುರಗ್ಯಾಗ ಇಂಥಾ ಅಂಗಡಿ ಇಲ್ಲ, ಸೂಪರ್ ಮಾರ್ಕೆಟ್ ಪೂರ್ತಿ ತಿರುಗಿದ್ರೂ ಚಾವಿ ಕೊಡೋ ಆಟಿಗಿ ಟ್ರೇನ್ ಸಿಗ್ತಾವ ಅಷ್ಟೇ, ಹಂಗಾಗಿ ಬೆಂಗಳೂರಿನ ಒಂದು ಸಣ್ಣ ವರ್ಕ್‌ಶಾಪಿಗೆ ಫೋನ್ ಮಾಡಿ ಮೊದಲೇ ಬುಕ್ ಮಾಡಿ ತರಿಸಿಕೊಂಡೀನಿ. ಅವರ ಹೆಸರು ಹಾಕಂಗಿಲ್ಲ, ಒಬ್ಬಿಬ್ಬರು ಕೂತು ಮಾಡೋ ಕೆಲಸ, ಪ್ಯಾಕಿಂಗ್ ಬಗ್ಗೆ ನಂದು ತಕರಾರು ಅದ, ಅವರ ಹೆಸರು ಕೆಡೋದು ನನಗ ಬ್ಯಾಡ. ಈ ಹವ್ಯಾಸ ಇದ್ದೋರಿಗೆ ವಿಚಾರಿಸಿದ್ರ ಯಾರು ಅಂತ ಗೊತ್ತಾಗ್ತದ.

ಈಗ ಅಳತಿ ವಿಷಯಕ್ಕ ಬರೋಣ, ನನ್ನ ಪ್ರಕಾರ ಮಾಡೆಲ್ ಅಂದಮ್ಯಾಲ ಬಣ್ಣಕ್ಕಿಂತ ಮೊದಲು ನೋಡಬೇಕಾದ್ದು ಇದು. ಖರೇ ಐಸಿಎಫ್ ಡಬ್ಬಿ ಬಾಡಿ ಉದ್ದ 21.337 ಮೀಟರ್, ಎರಡೂ ತುದಿಗೆ ಧಕ್ಕಿ ತಡೆಯೋ ಬಫರ್ ಇರ್ತಾವ, ಬಫರ್‌ನಿಂದ ಬಫರ್‌ಗ 22.297 ಮೀಟರ್, ಅಗಲ 3.245 ಮೀಟರ್. 87ರಿಂದ ಭಾಗಿಸಿದ್ರ ಬಾಡಿ 245 ಮಿಲಿಮೀಟರ್, ಬಫರ್ ಹಿಡಿದು 256, ಅಗಲ 37 ಚಿಲ್ಲರೆ. ವರ್ನಿಯರ್ ಹಚ್ಚಿ ನೋಡಿದೆ, ಉದ್ದ ಬರೋಬ್ಬರಿ, ಅಗಲದಾಗ ಕೂದಲೆಳಿ ವ್ಯತ್ಯಾಸ. ಇದ್ಯಾಕ ಇಷ್ಟು ದೊಡ್ಡ ವಿಷಯ ಅಂದ್ರ, ಇಷ್ಟು ದಿನ ನಮ್ಮಲ್ಲಿ ಭಾಳ ಮಂದಿ ಯುರೋಪಿನ ಡಬ್ಬಿ ತಗೊಂಡು ಅದಕ್ಕ ನೀಲಿ ಬಣ್ಣ ಹೊಡೆದು ಇಂಡಿಯನ್ ರೈಲು ಅಂತ ಓಡಿಸ್ತಿದ್ರು. ಅಲ್ಲಿನ ಮಾಮೂಲಿ ಎಕ್ಸ್‌ಪ್ರೆಸ್ ಡಬ್ಬಿ 26.4 ಮೀಟರ್ ಉದ್ದ, ಅಗಲ 2.825 ಮೀಟರ್ ಅಷ್ಟೇ. ಬಣ್ಣ ಎಷ್ಟೇ ಛಲೋ ಹೊಡೀರಿ, ಸ್ಕೇಲಿನಾಗ ಸುಮಾರು ಐದು ಮಿಲಿಮೀಟರ್ ಅಗಲ ಕಡಿಮಿ ಇದ್ದಿದ್ದು ಕಣ್ಣಿಗೆ ಹೊಡೀತದ, ಡಬ್ಬಿ ಬಡಕಲಾಗಿ ಕಾಣಸ್ತದ. ನಮ್ಮ ಡಬ್ಬಿಯ ಮೈಕಟ್ಟೇ ಬ್ಯಾರೆ, ಗಿಡ್ಡ, ಅಗಲ, ಟಾಪ್ ಗುಂಡಗ. ಈ ಮಾಡೆಲ್ಲಿನಾಗ ಆ ಮೈಕಟ್ಟು ಬಂದದ. ಮ್ಯಾಜಿನ ಮ್ಯಾಲ ಇಟ್ಟು ನಾಲ್ಕು ಹೆಜ್ಜಿ ಹಿಂದ ಸರಿದು ನೋಡಿದ ಕೂಡಲೇ ಇದು ನಮ್ಮದು ಅನಸ್ತದ.

ಐಸಿಎಫ್ ಬಗ್ಗೆ ಗೊತ್ತಿಲ್ಲದೋರಿಗೆ ಸ್ವಲ್ಪ ಹೇಳ್ತೀನಿ. ಚೆನ್ನೈ ಪೆರಂಬೂರಿನ ಇಂಟೆಗ್ರಲ್ ಕೋಚ್ ಫ್ಯಾಕ್ಟರಿ 1955ರ ಅಕ್ಟೋಬರ್ 2ಕ್ಕ ಶುರು ಆಗಿದ್ದು, ಡಿಸೈನ್ ಸ್ವಿಟ್ಜರ್ಲೆಂಡಿನ ಶ್ಲೀರೆನ್ ಕಂಪನಿದು. ಅಲ್ಲಿಂದ ಅರವತ್ತು ವರ್ಷದ ಮ್ಯಾಲ ಇದೇ ನಮೂನಿ ಡಬ್ಬಿ ಬಂದ್ವು, ಮೊದಲು ಇಟ್ಟಂಗಿ ಕೆಂಪು, 90ರ ದಶಕದಿಂದ ನೀಲಿ. 2018ರ ಜನವರಿಯಾಗ ಈ ಡಿಸೈನಿನ ಕಡೀ ಡಬ್ಬಿ ಹೊರಗ ಬಂತು, ಈಗ ಎಲ್ಲಾ ಕಡೆ ಕೆಂಪು ಬೂದಿ ಬಣ್ಣದ ಎಲ್‌ಎಚ್‌ಬಿ, ಅಂದ್ರ ಜರ್ಮನ್ ಡಿಸೈನಿನ ಹೊಸ ಡಬ್ಬಿ. ಎಲ್‌ಎಚ್‌ಬಿ ಉದ್ದ, ಸ್ಲೀಪರ್‌ನಾಗ 72ರ ಬದಲಿಗೆ 80 ಬರ್ತ್, ಆ್ಯಕ್ಸಿಡೆಂಟ್ ಆದ್ರ ಒಂದರ ಮ್ಯಾಲ ಒಂದು ಏರೋ ಅಪಾಯ ಕಡಿಮಿ, ಪ್ರಯಾಣಿಕರಿಗೆ ಅದೇ ಒಳ್ಳೇದು, ಅದರಾಗ ಎರಡು ಮಾತಿಲ್ಲ. ಆದ್ರ ಉದ್ಯಾನ್ ಎಕ್ಸ್‌ಪ್ರೆಸ್‌ನಾಗ, ಕರ್ನಾಟಕ ಎಕ್ಸ್‌ಪ್ರೆಸ್‌ನಾಗ, ಹುಸೇನ್ ಸಾಗರ್‌ನಾಗ ಕಿಟಕಿ ಸರಳಿಗೆ ಗಲ್ಲ ಹಚ್ಚಿ ವಾಡಿ ಬಂತೋ ಇಲ್ಲೋ ಅಂತ ನೋಡ್ತಾ ಕೂತ ನಮ್ಮಂಥೋರಿಗೆ ಡಬ್ಬಿ ಅಂದ್ರ ಈ ನೀಲಿ ಡಬ್ಬಿನೇ. ಡಬ್ಬಿಗೆ ರೈಲ್ವೆದೋರು ಇಡೋ ಆಯುಷ್ಯ 25 ವರ್ಷ, ಅದಕ್ಕೂ ಮುಂಚೆನೇ ಭಾಳಷ್ಟು ಹೋಗ್ಲಿಕತ್ಯಾವ. ಮಾಡೆಲ್ ಮಾಡೋರು ಮಾಡೋದಿದ್ರ ಈಗ ಮಾಡಬೇಕು, ಖರೇ ಡಬ್ಬಿ ಮುಂದ ನಿಂತು ಅಳತಿ ತಗೊಳ್ಳಾಕ ಸಿಗೋ ಹೊತ್ತಿನಾಗ.

ಕಿಟಕಿಗೆ ಬರ್ತೀನಿ. ಇವರು ಇಲ್ಲಿ ಭಾಳ ಕಷ್ಟ ಪಟ್ಟಾರ. ಸರಳು ಬಾಡಿ ಜೊತಿ ಅಚ್ಚು ಹಾಕಿಲ್ಲ, ಗಾಜಿನ ಮ್ಯಾಲ ಗೆರಿ ಹೊಡೆದಿಲ್ಲ, ಬ್ಯಾರೆ ಹಿತ್ತಾಳಿ ತಗಡಿನಾಗ ಕೊರೆದು ಒಳಗಿಂದ ಕೂಡಿಸ್ಯಾರ, ಶ್ಯಾವಿಗಿ ಎಳಿಗಿಂತ ಸಣ್ಣ. ಎಮರ್ಜೆನ್ಸಿ ಕಿಟಕಿಗೆ ಕೆಂಪು ಗುರುತು ಸಮೇತ ಅದ. ಟಾಯ್ಲೆಟ್ ಕಿಟಕಿ ಹಾಲುಗಾಜು. ಕೆಲವು ಕಿಟಕಿ ಶಟರ್ ಅರ್ಧ ಇಳಿಸ್ಯಾರ, ಕೆಲವು ಪೂರ್ತಿ ಮ್ಯಾಲ, ಖರೇ ರೈಲಿನಾಗ ಇರೋಹಂಗ, ಎಲ್ಲಾ ಒಂದೇ ಲೆವೆಲ್‌ಗ ಇಲ್ಲ. ಇದು ಯಾರಿಗೆ ಹೊಳೀತೋ ಅವರಿಗೆ ನಂದೊಂದು ನಮಸ್ಕಾರ. ಒಳಗ ಬರ್ತ್ ಎಲ್ಲಾ ಒಂದೇ ಅಚ್ಚಿನ ಪೀಸು, ನೀಲಿ ರೆಕ್ಸಿನ್ ಬಣ್ಣ ಸರಿ ಅದ, ಮಿಡಲ್ ಬರ್ತ್ ಸರಪಳಿ ಇಲ್ಲ, ಆದ್ರ ಟಾಪ್ ಮುಚ್ಚಿದ ಮ್ಯಾಲ ಅದು ಯಾರಿಗೂ ಕಾಣಂಗಿಲ್ಲ, ಅದಕ್ಕ ಮಾರ್ಕ್ ಕಡಿಮಿ ಮಾಡಂಗಿಲ್ಲ.

ಖರೇ ಪರೀಕ್ಷಾ ಇರೋದು ಕೆಳಗ. ನಮ್ಮ ಓಣ್ಯಾಗ ಒಬ್ಬರು ಕಾಕಾ ಅದಾರ, ಸರ್ವೀಸ್ ಪೂರ್ತಿ ಕ್ಯಾರೇಜ್ ಅಂಡ್ ವ್ಯಾಗನ್ ಡಿಪಾರ್ಟ್‌ಮೆಂಟಿನಾಗ ಕಳೆದೋರು, ವಾಡ್ಯಾಗ, ಸೊಲ್ಲಾಪುರದಾಗ ಡಬ್ಬಿ ಕೆಳಗ ಸುತ್ತಿಗಿ ಹಿಡಿದು ಕೂತೋರು. ಡಬ್ಬಿ ಬಂದ ಸಂಜಿಗೆ ಕರೆದು ಕೈಗೆ ಕೊಟ್ಟೆ. ಅವರು ಬಣ್ಣ ನೋಡಲಿಲ್ಲ, ಕಿಟಕಿ ನೋಡಲಿಲ್ಲ, ಸೀದಾ ಅಂಗಾತ ಮಾಡಿ ಕನ್ನಡಕ ಹಣಿಗೆ ಏರಿಸಿ ಟ್ರಾಲಿ, ಅಂದ್ರ ಗಾಲಿ ಕೂಡಿಸಿದ ಚೌಕಟ್ಟು, ನೋಡ್ಲಿಕ್ಕೆ ಶುರು ಮಾಡಿದ್ರು. ಐಸಿಎಫ್ ಟ್ರಾಲ್ಯಾಗ ಆಕ್ಸಲ್ ಬಾಕ್ಸ್ ಎರಡೂ ಬಾಜೂಕ ಕಾಯಿಲ್ ಸ್ಪ್ರಿಂಗ್, ಅದರ ಒಳಗ ಕುಲುಕಾಟ ತಡೆಯೋ ಎಣ್ಣಿ ತುಂಬಿದ ಡ್ಯಾಶ್‌ಪಾಟ್, ನಡುವ ಡಬ್ಬಿ ಭಾರ ಹೊರೋ ಅಡ್ಡ ತೊಲಿ ಬೋಲ್ಸ್ಟರ್ ಕೆಳಗ ಇನ್ನೊಂದು ಸೆಟ್ ಸ್ಪ್ರಿಂಗ್. ಇಷ್ಟೂ ಸಣ್ಣಾಗಿ ಮೂಡ್ಯಾವ, ಸ್ಪ್ರಿಂಗ್ ಸುರುಳಿ ಎಣಿಸಬಹುದು. ಕಾಕಾ ಉಗುರಿನ ತುದಿ ಹಚ್ಚಿ ತೋರಿಸಿದ್ರು, "ಇಲ್ ನೋಡವ್ವ, ಡ್ಯಾಶ್‌ಪಾಟ್ ಸರಿ ಕೂಡಿಸ್ಯಾರ, ಹ್ಯಾಂಗರ್ ಸರಿ ಅದ, ಸೇಫ್ಟಿ ಸ್ಟ್ರಾಪ್ ಎಲ್ಲಿ ಹೋತು? ಸ್ಟ್ರಾಪ್ ಇಲ್ದ ಗಾಡಿ ನಾ ಬಿಡ್ತಿದ್ದಿಲ್ಲ" ಅಂದ್ರು. ಕೆಳಗಿನ ಭಾಗ ಮುರಿದ್ರ ಹಳಿ ಮ್ಯಾಲ ಬೀಳದಂಗ ಹಿಡಿಯೋ ಪಟ್ಟಿ ಅದು. ಆಮ್ಯಾಲ ಆಲ್ಟರ್ನೇಟರ್ ನೋಡಿ ಖುಷಿ ಆದ್ರು. ನಾನ್ ಎಸಿ ಡಬ್ಬಿ ಲೈಟು ಫ್ಯಾನಿಗೆ ಕರೆಂಟು ತಾನೇ ಹುಟ್ಟಿಸ್ಕೊಂತದ, ಗಾಲಿ ಆಕ್ಸಲ್‌ನಿಂದ ಬೆಲ್ಟ್ ಎಳೆದು 4.5 ಕಿಲೋವ್ಯಾಟ್ ಆಲ್ಟರ್ನೇಟರ್ ತಿರುಗ್ತದ, ಅದರಿಂದ 110 ವೋಲ್ಟ್ ಬ್ಯಾಟರಿ ಚಾರ್ಜ್ ಆಗ್ತದ. ಮಾಡೆಲ್ಲಿನಾಗ ಬೆಲ್ಟ್ ಕೂಡ ಹಾಕ್ಯಾರ, ಸಣ್ಣ ಕರಿ ಪಟ್ಟಿ, ಮತ್ತ ಬ್ಯಾಟರಿ ಪೆಟ್ಟಿಗಿ ಮುಚ್ಚಳದ ಚಿಲಕ ಕೂಡ ಅದ. ರೈಲು ಹಳಿ ಮ್ಯಾಲ ನಿಂತಾಗ ಇದ್ಯಾವುದೂ ಸರಿಯಾಗಿ ಕಾಣಂಗಿಲ್ಲ, ಆದ್ರೂ ಮಾಡ್ಯಾರ, ಈ ಮಾಡೆಲ್ ಮ್ಯಾಲ ನನಗ ಗೌರವ ಬಂದಿದ್ದು ಇಲ್ಲೇ. ಗಾಲಿ ಸೈಜು ಸಹ ಸರಿ, ಖರೇ ಗಾಲಿ 915 ಮಿಲಿಮೀಟರ್ ವ್ಯಾಸ, ಇಲ್ಲಿ 10.5.

ಈಗ ತಪ್ಪು. ದೊಡ್ಡ ತಪ್ಪು ಅಂದ್ರ ತಾರೀಖು ತಾಳ ಹೊಂದಂಗಿಲ್ಲ. ಡಬ್ಬಿ ನಂಬರ್ 09251 ಅಂತ ಹಾಕ್ಯಾರ, ಮೊದಲಿನ ಎರಡು ಅಂಕಿ ತಯಾರಾದ ವರ್ಷ, ಅಂದ್ರ 2009, ಹಿಂದಿನ ಮೂರಂಕಿ ಡಬ್ಬಿ ಜಾತಿ, 200ರಿಂದ 399ರ ತನಕ ಸ್ಲೀಪರ್. ಇಲ್ಲಿತನಕ ಸರಿ. ತುದಿ ಗ್ವಾಡಿ ಮ್ಯಾಲ ಪಿಒಎಚ್ ಬರಹ ಅದ, ಪಿಒಎಚ್ ಅಂದ್ರ ನಿಗದಿತ ಅವಧಿಗೊಮ್ಮೆ ವರ್ಕ್‌ಶಾಪಿಗೆ ಹೋಗಿ ಪೂರ್ತಿ ಬಿಚ್ಚಿ ರಿಪೇರಿ ಮಾಡಿಸ್ಕೊಂಡು ಬರೋದು, ಸೆಂಟ್ರಲ್ ರೈಲ್ವೆ ಡಬ್ಬಿ ಆಗಿದ್ದಕ್ಕ ಮಾಟುಂಗಾ ವರ್ಕ್‌ಶಾಪ್ ಕೋಡ್ ಹಾಕ್ಯಾರ, ಅದೂ ಸರಿ. ಆದ್ರ ವರ್ಷ 2010 ಅಂತ ಬರೆದಾರ. ಕೆಳಗ ನೋಡಿದ್ರ ಬಯೋ ಟಾಯ್ಲೆಟ್ ಟ್ಯಾಂಕು ಜೋತ್ಬಿದ್ದಾವ! ನಮ್ಮ ದೇಶದಾಗ ಬಯೋ ಟಾಯ್ಲೆಟ್ ಹಾಕಿದ ಮೊದಲ ರೈಲೇ ಬುಂದೇಲ್‌ಖಂಡ್ ಎಕ್ಸ್‌ಪ್ರೆಸ್, 2011ರ ಜನವರಿಯಾಗ. ಅದೂ ಹೋಗ್ಲಿ, ಜೊತಿಗೆ ಕೊಟ್ಟ ಬೋರ್ಡ್ ಸ್ಟಿಕ್ಕರ್‌ನಾಗ ಉದ್ಯಾನ್ ಎಕ್ಸ್‌ಪ್ರೆಸ್ ಅಂತ ಇದ್ದು ಮುಂಬೈ ಸಿಎಸ್‌ಎಂಟಿ - ಬೆಂಗಳೂರು ಅಂತ ಅದ. ಮುಂಬೈ ಸ್ಟೇಷನ್ ಹೆಸರು ಸಿಎಸ್‌ಟಿ ಹೋಗಿ ಸಿಎಸ್‌ಎಂಟಿ ಆಗಿದ್ದು 2017ರಾಗ. ಅಂದ್ರ ಒಂದೇ ಡಬ್ಬಿ ಮ್ಯಾಲ 2010, 2011ರ ನಂತರ, 2017ರ ನಂತರ ಮೂರೂ ಕಾಲ ಕೂತಾವ. ಕಾಣೋ ಅಕ್ಷರ ಮಿಲಿಮೀಟರ್ ಎತ್ತರ ಸುದ್ದಾ ಇಲ್ಲ, ಯಾರು ನೋಡ್ತಾರ ಅಂತ ಕೇಳಬಹುದು. ಬ್ಯಾಟರಿ ಪೆಟ್ಟಿಗಿ ಚಿಲಕ ಮಾಡಿದೋರು ಇದನ್ನೂ ನೋಡಬೇಕಾಗಿತ್ತು ಅನ್ನೋದು ನನ್ನ ವಾದ. ಒಂದು ವರ್ಷ ಹಿಡೀರಿ, 2014 ಅನ್ರಿ, 2018 ಅನ್ರಿ, ಆ ವರ್ಷದ ಡಬ್ಬಿ ಹೆಂಗಿತ್ತೋ ಹಂಗ ಮಾಡ್ರಿ. ತಗೊಳ್ಳೋರು ಟ್ಯಾಂಕು ಬಿಚ್ಚಿಟ್ಟು ಹಳೇ ಬೋರ್ಡ್ ಬರೆಸಿಕೊಂಡ್ರ 2010ರ ಡಬ್ಬಿ ಆಗ್ತದ, ಟ್ಯಾಂಕು ಬರೀ ಒತ್ತಿ ಕೂಡಿಸಿದ್ದು, ಗೋಂದು ಇಲ್ಲ, ನಾ ಹಂಗ ಮಾಡೀನಿ. ಗುಲ್ಬರ್ಗಾ ಅಂತ ಬರೆದ ಬೋರ್ಡ್ ಬೇಕಿದ್ದೋರಿಗೂ ಊರಿನ ಹೆಸರು ಕಲಬುರಗಿ ಆದ 2014ರ ನವೆಂಬರ್‌ಗಿಂತ ಹಿಂದಿನ ಡಬ್ಬಿನೇ ಬೇಕಾಗ್ತದಲ್ಲ, ಅವರಿಗೂ ಇದೇ ಉಪಾಯ.

ಎರಡನೇದು ತಪ್ಪು ಅನ್ನಂಗಿಲ್ಲ, ಈ ಸ್ಕೇಲಿನ ಹಣೆಬರಹ. ಎಚ್‌ಒ ಹಳಿ ಅಗಲ 16.5 ಮಿಲಿಮೀಟರ್, ಅದು ವಿದೇಶದ ಸ್ಟ್ಯಾಂಡರ್ಡ್ ಗೇಜ್ 1,435 ಮಿಲಿಮೀಟರ್‌ಗ ಲೆಕ್ಕ ಹಾಕಿದ್ದು. ನಮ್ಮದು ಬ್ರಾಡ್ ಗೇಜ್, 1,676. 87ರಿಂದ ಭಾಗಿಸಿದ್ರ 19.26 ಬರ್ತದ. ಅಂದ್ರ ಎರಡೂ ಬಾಜೂ ಗಾಲಿ ಸುಮಾರು 1.4 ಮಿಲಿಮೀಟರ್ ಒಳಗ ಸರಿದು ಕೂತಾವ. ಬಾಜೂದಿಂದ ನೋಡಿದ್ರ ಗೊತ್ತಾಗಂಗಿಲ್ಲ, ಎದುರಿನಿಂದ, ಅಂದ್ರ ಕಡೀ ಡಬ್ಬಿ ಹಿಂದ ನಿಂತು ನೋಡಿದಾಗ ಮ್ಯಾಲಿನ ಮೈ ಅಗಲ, ಕೆಳಗ ಕಾಲು ಒತ್ತಟ್ಟಿಗೆ ಇಟ್ಟಂಗ ಕಾಣಸ್ತದ. ಸಿಗೋ ಹಳಿ ಎಲ್ಲಾ 16.5 ಆಗಿರೋದರಿಂದ ಬ್ಯಾರೆ ದಾರಿ ಇಲ್ಲ, ಆದ್ರ ಟ್ರಾಲಿ ಸೈಡ್ ಫ್ರೇಮ್ ಖರೇ ಜಾಗದಾಗೇ ಹೊರಗ ಇಟ್ಟು ಗಾಲಿ ಮಾತ್ರ ಒಳಗ ಕೂಡಿಸ್ಯಾರ, ಇದು ಜಾಣತನ, ಯಾಕಂದ್ರ ನಮ್ಮ ಕಣ್ಣು ಫ್ರೇಮ್ ನೋಡ್ತದ, ಗಾಲಿ ನೆರಳಿನಾಗ ಮರೆ ಆಗ್ತದ.

ಬಣ್ಣ ಸ್ವಲ್ಪ ಹೊಳಪು ಜಾಸ್ತಿ. ನಮ್ಮ ಕಡಿ ಬಿಸಲಾಗ ಓಡಿದ ಡಬ್ಬಿ ಹಿಂಗ ಹೊಳೀಯಂಗಿಲ್ಲ, ಮ್ಯಾಟ್ ವಾರ್ನಿಷ್ ಒಂದು ಕೋಟ್ ಹೊಡೀರಿ, ಕೆಳಗಿನ ಅಂಚಿಗೆ ಮಣ್ಣಿನ ಬಣ್ಣ ತೆಳ್ಳಗ ಕಲಸಿ ಒರೆಸ್ರಿ, ಕೆಲಸ ಮುಗೀತು.

ಓಡಿಸೋ ಮಾತು. ಮೊದಲು ನಮ್ಮ ಪಡಸಾಲಿ ಶಹಾಬಾದ್ ಫರಸಿ ಮ್ಯಾಲ ಇಟ್ಟು ನೋಡಿದೆ, ಪಾಲಿಶ್ ಮಾಡಿದ ಫರಸಿಗಿಂತ ಸಪಾಟ ಜಾಗ ಮನ್ಯಾಗ ಬ್ಯಾರೆ ಸಿಗಂಗಿಲ್ಲ, ಎಂಟೂ ಗಾಲಿ ನೆಲಕ್ಕ ತಾಗ್ತಾವೋ ಇಲ್ಲೋ ಅಂತ ಕೆಳಗ ಕಾಗದ ತೂರಿಸಿದ್ರ ತಿಳೀತದ. ಎಂಟೂ ತಾಗ್ತಾವ. ತೂಕ ಮಾತ್ರ ಕಡಿಮಿ. ಅಮೆರಿಕಾದ ಮಾಡೆಲ್ ರೈಲು ಸಂಘ ಎನ್‌ಎಂಆರ್‌ಎ ಹೇಳೋ ಲೆಕ್ಕದಾಗ ಎಚ್‌ಒ ಡಬ್ಬಿಗೆ ಒಂದು ಔನ್ಸ್, ಅದರ ಮ್ಯಾಲ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್ ಬೇಕು. ಈ ಡಬ್ಬಿ ಸುಮಾರು 10 ಇಂಚು, ಅಂದ್ರ ಆರು ಔನ್ಸ್, 170 ಗ್ರಾಂ. ಅಡಗಿಮನಿ ತಕ್ಕಡ್ಯಾಗ 120 ಗ್ರಾಂ ಕೂಡ ತೋರಿಸಲಿಲ್ಲ. ಒಂದೇ ಡಬ್ಬಿ ಓಡಿಸಿದ್ರ ಪರವಾಗಿಲ್ಲ, ಆರೆಂಟು ಡಬ್ಬಿ ಜೋಡಿಸಿ ತಿರುವಿನಾಗ ಎಳೆದಾಗ ಹಗುರ ಡಬ್ಬಿ ಒಳಗ ವಾಲಿ ಬೀಳ್ತದ. ಬರ್ತ್ ಪೀಸಿನ ಕೆಳಗ ಜಾಗ ಬಿಟ್ಟಾರ, ಸೀಸದ ಪಟ್ಟಿ ಎರಡೂ ಟ್ರಾಲಿ ಮ್ಯಾಲ ಸಮ ಬರೋಹಂಗ ಅಂಟಿಸ್ರಿ. ತಿರುವು 24 ಇಂಚು ರೇಡಿಯಸ್‌ಗಿಂತ ಕಡಿಮಿ ಇದ್ರ ಬ್ಯಾಡ. 18 ಇಂಚಿನ ತಿರುವಿನಾಗ ಪಕ್ಕದ ಡಬ್ಬಿ ಬಫರ್ ಒಂದಕ್ಕೊಂದು ಸಿಕ್ಕಿಬೀಳ್ತಾವ, ಐಸಿಎಫ್ ಡಬ್ಬಿಗೆ ಎರಡೂ ಬಾಜೂ ಬಫರ್ ಇರೋದಕ್ಕ ಇದು ಬರೋ ತೊಂದರಿ. ಡಬ್ಬಿ ಜೋಡಿಸೋ ಕಪ್ಲರ್ ಜಾಗ ಎನ್‌ಇಎಂ ಪಾಕೆಟ್ (ಯುರೋಪಿನ ಮಾಡೆಲ್ ಸ್ಟ್ಯಾಂಡರ್ಡ್), ಹಂಗಾಗಿ ಅವರು ಕೊಟ್ಟ ದೊಡ್ಡ ಕೊಂಡಿ ಕಿತ್ತು ಕೇಡೀ ಕಂಪನಿ ಕೊಂಡಿ ಹಾಕಬಹುದು, ಎರಡು ಡಬ್ಬಿ ನಡುವಿನ ಸಂದು ಎಷ್ಟೋ ಕಡಿಮಿ ಆಗ್ತದ, ಡಬ್ಬಿಯಿಂದ ಡಬ್ಬಿಗೆ ದಾಟೋ ದಾರಿಯ ವೆಸ್ಟಿಬ್ಯೂಲ್ ರಬ್ಬರ್ ಹೆಚ್ಚು ಕಡಿಮಿ ತಾಗೇ ಬಿಡ್ತಾವ. ಓಟ ಮಾತ್ರ ಭಾಳ ಮೆತ್ತಗ, ಕೈಯಿಂದ ದಬ್ಬಿದ್ರ ಫರಸಿ ಮ್ಯಾಲ ಗ್ವಾಡಿ ತನಕ ಹೋಗ್ತದ.

ಬಿಸಲಿನ ವಿಷಯ ಬೆಂಗಳೂರಿನೋರಿಗೆ ತಿಳಿಯಂಗಿಲ್ಲ, ಕಲಬುರಗಿ ಬೀದರ ಯಾದಗಿರಿಯೋರು ಲಕ್ಷ್ಯ ಕೊಡ್ರಿ. ಏಪ್ರಿಲ್ ಮೇ ತಿಂಗಳಾಗ ಮಾಳಗಿ ಮ್ಯಾಲಿನ ಖೋಲಿ ಒಲಿ ಆಗ್ತದ. ಎಬಿಎಸ್ ಬಾಡಿಗೆ ಏನೂ ಆಗಂಗಿಲ್ಲ, ರೆಸಿನ್ ಭಾಗ ಮಾತ್ರ ಮೆತ್ತಗಾಗಿ ಬಾಗ್ತಾವ, ಅದರಾಗೂ ತೆಳ್ಳಗಿನ ಮೆಟ್ಟಿಲ ಪಟ್ಟಿ. ನಂದರಾಗ ಒಂದು ಕಡೆ ಪೈಪ್ ಸ್ವಲ್ಪ ಸೊಟ್ಟ ಆತು, ಬಿಸಿ ನೀರಾಗ ಅದ್ದಿ ನೆಟ್ಟಗ ಮಾಡಿ ತಣ್ಣೀರಾಗ ಹಿಡಿದ್ರ ಮೊದಲಿನಂಗ ಬಂತು. ಕೆಳಗಿನ ಖೋಲ್ಯಾಗ ಇಡ್ರಿ, ಗಾಜಿನ ಕಪಾಟಿನಾಗ ಇಡ್ರಿ, ನಮ್ಮ ಧೂಳು ಆ ಸರಳಿನ ಸಂದಿನಾಗ ಕೂತ್ರ ತೆಗೆಯೋದು ಕಷ್ಟ, ಮೇಕಪ್ಪಿನ ಮೆತ್ತನ ಬ್ರಷ್ ಬಿಟ್ರ ಬ್ಯಾರೆ ಯಾವುದೂ ಒಗ್ಗಂಗಿಲ್ಲ.

ಪ್ಯಾಕಿಂಗ್ ನನಗ ಸಿಟ್ಟು ತರಿಸಿದ್ದು. ಇಷ್ಟು ಸೂಕ್ಷ್ಮ ಕೆಲಸ ಮಾಡಿ ಅದನ್ನ ತೆಳ್ಳಗಿನ ರಟ್ಟಿನ ಡಬ್ಬ್ಯಾಗ, ಸುತ್ತ ಬಬಲ್ ಶೀಟ್ ಒಂದೇ ಸುತ್ತು ಸುತ್ತಿ ಕಳಸ್ಯಾರ. ಒಂದು ಬಫರ್ ಉದುರಿ ಬಾಕ್ಸಿನ ಮೂಲ್ಯಾಗ ಬಿದ್ದಿತ್ತು, ಒಂದು ಬಾಗಿಲದ ಕೆಳಗಿನ ಮೆಟ್ಟಿಲು ಮುರಿದಿತ್ತು. ಫೋನ್ ಮಾಡಿದೆ, ಒಳ್ಳೆ ಮಾತಿನಾಗೇ ಮಾತಾಡಿದ್ರು, ಮೆಟ್ಟಿಲು ಬ್ಯಾರೆ ಕಳಸ್ತೀನ್ರಿ ಅಂದ್ರು, ಕಳಸಿದ್ರು ಕೂಡ, ತಡ ಆತು ಆದ್ರ ಬಂತು. ರೊಕ್ಕ ಕೊಡೋ ಮುಂದ ಥರ್ಮೋಕೋಲ್ ಕೊರೆದು ಡಬ್ಬಿ ಆಕಾರದ ಗೂಡು ಮಾಡಿ ಕಳಸ್ರಿ ಅಂತ ಮೊದಲೇ ಹೇಳ್ರಿ, ನೂರಿನ್ನೂರು ಹೆಚ್ಚು ಆದ್ರೂ ಕೊಡ್ರಿ. ಬಂದ ಕೂಡಲೇ ಪ್ಯಾಕಿಂಗ್ ಬಿಚ್ಚೋದು ವಿಡಿಯೋ ಮಾಡ್ರಿ. ಹೈದರಾಬಾದಿಗೆ ಬೆಂಗಳೂರಿಗೆ ಹೋಗಿ ಬರೋ ಬಳಗದೋರು ಇದ್ರ ಕೈಯಾಗ ಹಿಡ್ಕೊಂಡು ತರಿಸೋದು ಇನ್ನೂ ಛಲೋ.

ಯಾರು ತಗೋಬಾರದು ಅಂದ್ರ, ಸಣ್ಣ ಹುಡುಗರಿಗೆ ಆಟಕ್ಕ ಅಂತ ತಗೋಬ್ಯಾಡ್ರಿ, ಹಿತ್ತಾಳಿ ಹಿಡಿಕಿ ಒಂದು ಎಳೆತಕ್ಕ ಬರ್ತಾವ. ಮಾಡೆಲ್ ರೈಲು ಓಡೋದು ಒಮ್ಮೆನೂ ನೋಡದವರು ಎಂಟು ಸಾವಿರ ಹಾಕೋದಕ್ಕಿಂತ ಮೊದಲು ಪುಣೆಗೆ ಹೋದಾಗ ಜೋಶಿಯವರ ಮಿನಿಯೇಚರ್ ರೈಲ್ವೆ ಮ್ಯೂಸಿಯಂ ನೋಡಿ ಬರ್ರಿ, ನಮ್ಮಿಂದ ಸೀದಾ ರೈಲು ಅವ, ಅಲ್ಲಿ ನೋಡಿದ ಮ್ಯಾಲ ಇದು ನಿಮ್ಮ ಹವ್ಯಾಸ ಹೌದೋ ಅಲ್ಲೋ ತಿಳೀತದ. ಶೋಕೇಸಿನಾಗ ಇಡೋರಿಗೆ ಒಂದು ಸಾಕು, ಎದುರಿಗೆ ಕಾಣೋ ಬಾಜೂ ಪರೀಕ್ಷಾ ಮಾಡಿ ಇಡ್ರಿ, ಟಾಯ್ಲೆಟ್ ಕಡೆ ಬರಹ ಒಂದು ಬಾಜೂ ಹೆಚ್ಚು ನೀಟ ಅದ.

ನಂದು ಮುಂದಿನ ಬೇಡಿಕಿ ವರ್ಕ್‌ಶಾಪಿನೋರಿಗೆ ಫೋನಿನಾಗೇ ಹೇಳೀನಿ, ಇಲ್ಲೂ ಬರೀತೀನಿ, ನಾಲ್ಕು ಮಂದಿ ಕೇಳಿದ್ರ ಮಾಡ್ತಾರ. ಸ್ಲೀಪರ್ ಒಂದೇ ಮಾಡಿದ್ರ ರೈಲು ಆಗಂಗಿಲ್ಲ. ಜನರಲ್ ಡಬ್ಬಿ ಬೇಕು, ಗಾರ್ಡ್ ಮತ್ತ ಲಗೇಜಿನ ಜಾಗ ಇರೋ ಎಸ್‌ಎಲ್‌ಆರ್ ಡಬ್ಬಿ ಬೇಕು. ಊರಿಗೆ ಹೋಗೋ ನಮ್ಮ ಮಂದಿ ಹೆಚ್ಚು ಹತ್ತಿದ್ದು ಜನರಲ್ಲಿಗೆ, ದುಡಿಲಿಕ್ಕೆ ಮುಂಬೈ ಪುಣೆ ಬೆಂಗಳೂರಿಗೆ ಹೋದ ಕುಟುಂಬಗಳು ಚೀಲ ಕಟ್ಟಿಕೊಂಡು ಕೂತಿದ್ದು ಅದರಾಗೇ. ಎಸಿ ಫಸ್ಟ್ ಮಾಡ್ತೀವಿ ಅಂತ ಅವರು ಹೇಳ್ತಿದ್ರು, ನಾ ಬ್ಯಾಡ ಅಂದೆ, ಮೊದಲು ಜನರಲ್ ಮಾಡ್ರಿ ಅಂದೆ. ಅದೇ ಅಚ್ಚು, ಅದೇ ಟ್ರಾಲಿ, ಒಳಗಿನ ಸೀಟು ಮತ್ತ ಬರಹ ಬದಲಾದ್ರ ಆತು, ನಂಬರ್ 400ರಿಂದ 599ರ ಒಳಗಿಂದು ಹಾಕಬೇಕು, ಪಿಒಎಚ್ ತಾರೀಖು ಈ ಸಲ ನೋಡಿ ಹಾಕಬೇಕು, ಸೇಫ್ಟಿ ಸ್ಟ್ರಾಪ್ ಕಾಕಾ ಕೇಳ್ಯಾರ ಅಂತ ಅದನ್ನೂ ಸೇರಿಸಿ ಬರೆಸೀನಿ. ಎರಡು ಜನರಲ್‌ಗ ಅಡ್ವಾನ್ಸ್ ಈಗಲೇ ಕೊಡ್ಲಿಕ್ಕೆ ತಯಾರ್ ಅದೀನಿ.